ಆಯಿಯ ಕೈಯಲ್ಲಿದ್ದ ಪುಸ್ತಕ



ಈ ವಾರ ಒಂದು ಟ್ರಂಕಿನಿಂದ ಮಾತು ಶುರು ಮಾಡುತ್ತೇನೆ. ಸುರಪುರದಲ್ಲಿರುವ ನನ್ನ ಹೆಂಡತಿಯ ತವರುಮನೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಅಟ್ಟದ ಮೇಲೆ ಅವಳ ಹಳೆಯ ತಗಡಿನ ಟ್ರಂಕು ಸಿಕ್ಕಿತಂತೆ. ಅವಳ ತಮ್ಮ ಅದನ್ನು ಶಹಾಪುರದ ನಮ್ಮ ಮನೆಗೆ ಕಳಿಸಿಕೊಟ್ಟ. ದಸರೆಯ ರಜೆಗೆಂದು ಯಾದಗಿರಿಯಿಂದ ಮೊಮ್ಮಗಳು ಬಂದಿದ್ದಳು. ಆರನೆಯ ತರಗತಿಯ ಹುಡುಗಿ. ಟ್ರಂಕು ಕಂಡರೆ ಬಿಟ್ಟಾಳೆಯೇ? ತಾನೇ ಕೊಂಡಿ ತೆಗೆದಳು.

ಒಳಗೆ ಒಂದು ಇಳಕಲ್ ಸೀರೆ, ಒಂದು ಹಿತ್ತಾಳೆಯ ಕುಂಕುಮದ ಭರಣಿ, ಸೀರೆಯ ಮಡಿಕೆಯೊಳಗೆ ಒಂದು ಕಪ್ಪು-ಬಿಳುಪು ಫೋಟೋ. ಫೋಟೋದಲ್ಲಿ 18 ವರ್ಷದ ಒಬ್ಬ ಹುಡುಗಿ. ಹಿಂದೆ ಬಣ್ಣದಲ್ಲಿ ಬರೆದ ಪರದೆ: ಎರಡು ಕಂಬ, ಒಂದು ಕೆರೆ, ಕೆರೆಯಲ್ಲಿ ಹಂಸ. ಪಕ್ಕದ ಸ್ಟೂಲಿನ ಮೇಲೆ ಕಾಗದದ ಹೂವು. ಹುಡುಗಿಯ ಕೈಯಲ್ಲಿ ಕೈಗಡಿಯಾರ. ತೊಡೆಯ ಮೇಲೆ ತೆರೆದಿಟ್ಟ ಪುಸ್ತಕ. ತಲೆ ತಗ್ಗಿಸಿದ್ದಾಳೆ.

“ಮುತ್ಯಾ, ಇಕಿ ಯಾರು?”

“ನಿಮ್ಮ ಆಯೀನೇ.”

1974ರಲ್ಲಿ ನನಗೆ ಹುಡುಗಿ ನೋಡುವಾಗ ಬಂದ ಫೋಟೋ ಅದು. ಆಗಿನ್ನೂ ಯಾದಗಿರಿ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಗುಲ್ಬರ್ಗ ಜಿಲ್ಲೆಯವರು. ನಾನು ಹೊಸದಾಗಿ ಚಿತ್ರಕಲಾ ಮಾಸ್ತರ ನೌಕರಿಗೆ ಸೇರಿದ್ದೆ. “ಹುಡುಗ ಮಾಸ್ತರ ಇದ್ದಾನ, ಹುಡುಗಿ ಓದು-ಬರಹ ಬಲ್ಲಾಕಿ ಬೇಕು” ಎಂದು ನಮ್ಮಪ್ಪ ಹೇಳಿ ಕಳಿಸಿದ್ದರು. ಹುಡುಗಿಯನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ತಾಯಿ ಹಾಸಿಗೆ ಹಿಡಿದಿದ್ದರು, ಮನೆಯಲ್ಲಿ ರೊಟ್ಟಿ ಬಡಿಯುವವರು ಬೇಕಿತ್ತು. ಅವಳ ಅಪ್ಪ ಯಾದಗಿರಿಯ ಗಂಜಿಗೆ ಶೇಂಗಾ ತಂದಾಗ ಮಗಳನ್ನೂ ಕರೆತಂದು, ರೈಲ್ವೆ ಸ್ಟೇಷನ್ ಹತ್ತಿರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಕೈಗಡಿಯಾರ ಸ್ಟುಡಿಯೋದವರದು. ಪುಸ್ತಕವೂ ಸ್ಟುಡಿಯೋದವರದು. ಯಾವ ಪುಸ್ತಕ ಗೊತ್ತೇ? ಇಂಗ್ಲಿಷಿನ ರೈಲ್ವೆ ಟೈಮ್‌ಟೇಬಲ್!

ಮದುವೆಯಾದ ಮೇಲೆ ಈ ಸಂಗತಿ ನನಗೆ ಗೊತ್ತಾಯಿತು. ಅಂದಿನಿಂದ ನಾನು ಇದನ್ನು ಎಷ್ಟು ಮದುವೆಗಳಲ್ಲಿ, ಎಷ್ಟು ಸೀಮಂತಗಳಲ್ಲಿ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. “ನಮ್ಮಾಕಿ ಓದಿದ್ದು ರೈಲ್ವೆ ಟೈಮ್‌ಟೇಬಲ್!” ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವತ್ತೂ ಮೊಮ್ಮಗಳಿಗೆ ಅದನ್ನೇ ಹೇಳಿದೆ. ಅವಳು ನಗಲಿಲ್ಲ.

“ಅಂದ್ರ ಈ ಫೋಟೋ ಸುಳ್ಳಾ, ಮುತ್ಯಾ?”

ಮಕ್ಕಳು ಕೇಳುವ ಪ್ರಶ್ನೆ ನೋಡಿ! ಮೂವತ್ತು ವರ್ಷ ಚಿತ್ರಕಲೆ ಕಲಿಸಿದವನು ನಾನು, ಉತ್ತರ ತಕ್ಷಣ ಬರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಸುಮಾರು ಮೂವತ್ತು ವರ್ಷಗಳಿಂದ ಕೆಲಸ ಮಾಡುತ್ತಿರುವ ನಮ್ಮ ಕರ್ನಾಟಕದ ಒಬ್ಬ ಕಲಾವಿದೆ ನೆನಪಾದರು. ಆ ಸಂಜೆ ಕಟ್ಟೆಯ ಮೇಲೆ ಕೂತು ಮೊಮ್ಮಗಳಿಗೆ ಅವರ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

ಅವರ ಹೆಸರು ಪುಷ್ಪಮಾಲಾ ಎನ್. ಹುಟ್ಟಿದ್ದು 1956ರಲ್ಲಿ, ಬೆಂಗಳೂರಿನಲ್ಲಿ. ಮೊದಲು ಅವರು ಶಿಲ್ಪಿ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿತರು. 1986ರಲ್ಲಿ ದೆಹಲಿಯ ತ್ರೈವಾರ್ಷಿಕ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದರು. ಅಷ್ಟು ಹೆಸರು ಬಂದ ಮೇಲೆ ಬೇರೆಯವರಾದರೆ ಅದೇ ದಾರಿಯಲ್ಲಿ ಮುಂದೆ ಹೋಗುತ್ತಿದ್ದರು. ಇವರು 1990ರ ದಶಕದ ನಡುವೆ ದಾರಿ ಬದಲಿಸಿದರು. ಮಣ್ಣಿನಿಂದ ಬೇರೆಯವರ ಮೂರ್ತಿ ಮಾಡುವುದರ ಬದಲು ತಾನೇ ವೇಷ ಹಾಕಿಕೊಂಡು ಕ್ಯಾಮೆರಾದ ಮುಂದೆ ನಿಂತರು.

“ಹಗಲುವೇಷದವರಂಗ?” ಎಂದಳು ಮೊಮ್ಮಗಳು.

ಹೌದು, ಸ್ವಲ್ಪ ಹಾಗೆಯೇ. ನಮ್ಮ ಕಡೆಯ ಅಜ್ಜ-ಅಜ್ಜಿಯರಿಗೆ ಹಗಲುವೇಷದವರನ್ನು ಹೇಳಿಕೊಡಬೇಕಾಗಿಲ್ಲ. ಹಾರ್ಮೋನಿಯಂ, ತಬಲಾ ಹಿಡಿದು ಓಣಿ ಓಣಿ ತಿರುಗುವವರು. ಇವತ್ತು ರಾಮ, ನಾಳೆ ರಾವಣ. ರಂಗದ ಮೇಲೆ ರಾತ್ರಿ ಕುಣಿಯದೆ ಹಾಡಹಗಲೇ ನಮ್ಮ ಮನೆಬಾಗಿಲಿಗೆ ಬರುತ್ತಾರೆ. ಬಣ್ಣ ಕಾಣುತ್ತದೆ, ಅಂಟಿಸಿದ ಮೀಸೆ ಕಾಣುತ್ತದೆ, ಆದರೂ ರಾವಣ ಗರ್ಜಿಸಿದರೆ ಮಕ್ಕಳು ಓಡುತ್ತಾರೆ. ವೇಷವೆಂದು ಗೊತ್ತಿದ್ದೂ ನಂಬುತ್ತೇವಲ್ಲ, ಅದೇ ಅದರ ಸೊಗಸು. ಪುಷ್ಪಮಾಲಾ ಅವರ ಕಲೆಯಲ್ಲೂ ಬಣ್ಣ, ಪರದೆ, ಅಂಟಿಸಿದ ಗಡ್ಡ ಎಲ್ಲ ಕಾಣುತ್ತವೆ. ಆದರೆ ಅವರು ಹಾಕುವುದು ಪುರಾಣದ ವೇಷಗಳನ್ನಷ್ಟೇ ಅಲ್ಲ, ಚಿತ್ರಗಳ ವೇಷ. ನಾವು ದಿನವೂ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಸಿನಿಮಾದಲ್ಲಿ ನೋಡಿದ ಚಿತ್ರಗಳ ಒಳಗೆ ಹೋಗಿ ನಿಲ್ಲುತ್ತಾರೆ.

ಮೊದಲ ದೊಡ್ಡ ಕೆಲಸ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’. 1996ರಿಂದ 98ರವರೆಗೆ ಬಾಂಬೆಯಲ್ಲಿ ಮಾಡಿದ್ದು. ಕಪ್ಪು-ಬಿಳುಪು ಫೋಟೋಗಳನ್ನು ಸಾಲಾಗಿ ಇಟ್ಟರೆ ಒಂದು ಸಾಹಸದ ಸಿನಿಮಾ ಕಥೆಯಾಗುತ್ತದೆ. ಬೇರೆಯಾದ ಅವಳಿ ಅಕ್ಕತಂಗಿಯರು. ಒಬ್ಬಳು ಮುಖವಾಡ, ಮೇಲಂಗಿ ತೊಟ್ಟ ಸಾಹಸಿ, ಇನ್ನೊಬ್ಬಳು ಖಳನಾಯಕಿ. ಎರಡೂ ಪಾತ್ರ ಅವರದೇ. ಅಜ್ಜಂದಿರಿಗೆ ‘ಫಿಯರ್‌ಲೆಸ್ ನಾಡಿಯಾ’ ನೆನಪಿರಬಹುದು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬಾಂಬೆಗೆ ಬಂದು, 1935ರ ‘ಹಂಟರ್‌ವಾಲಿ’ಯಲ್ಲಿ ಚಾಟಿ ಹಿಡಿದು ಕುದುರೆ ಓಡಿಸಿದ ನಟಿ. ಮನೆಯ ಹೆಣ್ಣುಮಕ್ಕಳು ಹೊಸ್ತಿಲು ದಾಟಿದರೆ ಮಾತಾಡುತ್ತಿದ್ದ ಕಾಲದಲ್ಲಿ ಆಕೆ ಪರದೆಯ ಮೇಲೆ ರೈಲಿನ ಮೇಲೆಲ್ಲ ಓಡಾಡಿದಳು. ಪುಷ್ಪಮಾಲಾ ಅವರ ಮುಖವಾಡದ ಹೆಣ್ಣು ಆ ನಾಡಿಯಾಗೆ ಹಾಕಿದ ಒಂದು ನಮಸ್ಕಾರ.

ಆಮೇಲೆ ಅವರು ಒಂದು ಹಳೆಯ ಸ್ಟುಡಿಯೋ ಹುಡುಕಿಕೊಂಡು ಹೋದರು. ಬಾಂಬೆಯ ಜೆ.ಎಚ್. ಠಕ್ಕರ್ ಎಂಬ ಹಿರಿಯ ಛಾಯಾಗ್ರಾಹಕರದು. 1950ರ ದಶಕದ ಸಿನಿಮಾ ತಾರೆಯರ ಚಂದದ ಭಾವಚಿತ್ರಗಳನ್ನು ತೆಗೆದವರು ಅವರು. 2000ದಿಂದ 2003ರವರೆಗೆ ಅವರ ದೀಪಗಳ ಮುಂದೆ, ಅವರ ರೀತಿಯಲ್ಲೇ ಪುಷ್ಪಮಾಲಾ ಫೋಟೋ ತೆಗೆಸಿಕೊಂಡರು. ಒಂದು ಕಡೆಯಿಂದ ಬೆಳಕು, ಗಲ್ಲ ಇಷ್ಟು ಎತ್ತು, ಕಣ್ಣು ಅಲ್ಲಿಡು, ಉಸಿರು ಹಿಡಿ. ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡ ಯಾವ ಅಜ್ಜಿಗೂ ಈ ಆಜ್ಞೆಗಳು ಗೊತ್ತು. ನಮ್ಮ ಮುಖ ನಮ್ಮದೇ, ಆದರೆ ಅದನ್ನು ಹೇಗೆ ತೋರಿಸಬೇಕೆಂದು ಹೇಳುವವರು ಬೇರೆ.

ಅವರ ಅತ್ಯಂತ ದೊಡ್ಡ ಕೆಲಸವೂ ಆ ವರ್ಷಗಳಲ್ಲೇ ಬೆಂಗಳೂರಿನಲ್ಲಿ ನಡೆಯಿತು. ಹೆಸರು ‘ದಕ್ಷಿಣ ಭಾರತದ ಸ್ಥಳೀಯ ಮಹಿಳೆಯರು: ರೀತಿ ಮತ್ತು ಪದ್ಧತಿ’. ಬೆಂಗಳೂರಿನಲ್ಲಿ ನೆಲೆಸಿರುವ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ 2000ದಿಂದ 2004ರವರೆಗೆ ಮಾಡಿದ್ದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಸಹಾಯ ಕೊಟ್ಟಿತು. ಹೆಸರನ್ನು ಬೇಕೆಂದೇ ಬ್ರಿಟಿಷರ ಕಾಲದ ಪುಸ್ತಕದಂತೆ ಇಟ್ಟಿದ್ದಾರೆ. ಆ ಕಾಲದ ಅಧಿಕಾರಿಗಳು ನಮ್ಮ ಜನರನ್ನು ಸಾಲಾಗಿ ನಿಲ್ಲಿಸಿ ‘ಇವರು ಇಂಥ ಜಾತಿ, ಇವರ ಪದ್ಧತಿ ಹೀಗೆ’ ಎಂದು ಬರೆಯುತ್ತಿದ್ದರಲ್ಲ, ಅದರ ಅಣಕ.

ಅದರಲ್ಲಿ ರಾಜಾ ರವಿವರ್ಮನ ಮುದ್ರಣಾಲಯದ ಲಕ್ಷ್ಮಿಯ ಪಟ ಇದೆ. ನಿಮ್ಮ ಮನೆಯ ದೇವರ ಕೋಣೆಯಲ್ಲೂ ಅಂಥ ಪಟ ಇದ್ದೀತು. ಪುಷ್ಪಮಾಲಾ ಆ ಲಕ್ಷ್ಮಿಯಾಗಿ ತಾವರೆಯ ಮೇಲೆ ನಿಂತಿದ್ದಾರೆ. ಮೊಮ್ಮಗಳು ಕೂಡಲೇ ಕೇಳಿದಳು: “ಲಕ್ಷ್ಮಿಗಿ ನಾಕು ಕೈ ಇರ್ತಾವಲ್ಲ, ಮುತ್ಯಾ?” ಜಾಣೆ! ಎರಡು ಅವರವು, ಇನ್ನೆರಡು ಮಾಡಿಸಿದವು. ಮನುಷ್ಯಳೊಬ್ಬಳು ಆ ಪಟದಲ್ಲಿ ನಿಂತ ಕ್ಷಣವೇ ಅದನ್ನು ಯಾರೋ ಕೂತು ಕಟ್ಟಿದರು ಎಂಬುದು ಕಾಣುತ್ತದೆ. ದೇವರ ಪಟವನ್ನು ಕೈಮುಗಿಯುವಾಗ ಅದನ್ನು ಬರೆದವನ ಕೈ ನಮಗೆ ನೆನಪಾಗುವುದಿಲ್ಲ. ನಮ್ಮ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಬಾಂಬೆಗೆ ಹೋಗಿ ಸಿನಿಮಾದ ಜಾಹೀರಾತು ಚಿತ್ರಗಳನ್ನೂ ಕ್ಯಾಲೆಂಡರಿನ ದೇವರುಗಳನ್ನೂ ಬರೆದರು. ಸಾವಿರಾರು ಮನೆಗಳ ಗೋಡೆಯ ಮೇಲೆ ಅವರ ಕೈಕೆಲಸ ಇತ್ತು. ಅದು ನಮ್ಮೂರ ಕಡೆಯ ಕಲಾವಿದನದು ಎಂದು ಎಷ್ಟು ಜನರಿಗೆ ಗೊತ್ತಿತ್ತು?

ಇನ್ನೊಂದು ಚಿತ್ರ ನಮಗೆ ಇನ್ನೂ ಹತ್ತಿರ. ನಮ್ಮ ಸೀಮೆ ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಅವರ ಕಾಲದಲ್ಲಿ ಬರೆದ ಒಂದು ಯೋಗಿನಿಯ ಚಿತ್ರ ಜಗತ್ಪ್ರಸಿದ್ಧ. ಎತ್ತರದ ಹೆಣ್ಣು, ಮೇಲೆ ಕಟ್ಟಿದ ಕೂದಲು, ಕೈಯ ಮೇಲೊಂದು ಮೈನಾ ಹಕ್ಕಿ. ಹಕ್ಕಿಯ ಕಿವಿಯಲ್ಲೇನೋ ಗುಟ್ಟು ಹೇಳುತ್ತಿರುವಂತೆ ನಿಂತಿದ್ದಾಳೆ. ಸುಮಾರು 400 ವರ್ಷದ ಆ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ದಖ್ಖನಿನ ಅಂಥ ಯೋಗಿನಿಯಾಗಿಯೂ ಪುಷ್ಪಮಾಲಾ ನಿಂತರು. ಸುರಪುರದ ನಾಯಕ ಅರಸರ ಆಶ್ರಯದಲ್ಲೂ ಚಿಕ್ಕ ಗಾತ್ರದ, ಕುಸುರಿ ಕೆಲಸದ ಚಿತ್ರಗಳ ಒಂದು ಪರಂಪರೆ ಬೆಳೆದಿತ್ತು. ಅಂಥ ಚಿತ್ರಗಳ ಹೆಣ್ಣುಗಳನ್ನು ನೋಡುವಾಗಲೆಲ್ಲ ‘ಹೀಗೆ ನಿಂತವಳು ನಿಜವಾಗಿ ಒಬ್ಬಳಿದ್ದಳೇ?’ ಎಂದು ನನಗೆ ಅನ್ನಿಸುತ್ತದೆ. ಪುಷ್ಪಮಾಲಾ ಸ್ವತಃ ನಿಂತೇ ನೋಡಿದರು.

ಆ ಸಾಲಿನ ಒಂದು ಚಿತ್ರ ಮಾತ್ರ ನೋಡಿ ನಗು ಬರುವುದಿಲ್ಲ. ನೀಲಗಿರಿಯ ತೋಡ ಬುಡಕಟ್ಟಿನ ಹೆಣ್ಣಾಗಿ ಅವರು ನಿಂತಿದ್ದಾರೆ. ಹಿಂದೆ ಚೌಕುಳಿ ಗೆರೆಗಳ ಪರದೆ. ಶಾಲೆಯಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುತ್ತಾರಲ್ಲ, ಹಾಗೆ. 19ನೇ ಶತಮಾನದಲ್ಲಿ ಬ್ರಿಟಿಷರು ಬುಡಕಟ್ಟಿನ ಜನರನ್ನು ಹೀಗೆ ನಿಲ್ಲಿಸಿ, ತಲೆ ಎಷ್ಟು, ಮೂಗು ಎಷ್ಟು, ತೋಳು ಎಷ್ಟು ಎಂದು ಅಳೆದು ಫೋಟೋ ತೆಗೆದರು. ಎತ್ತರ ಬರೆದುಕೊಂಡರು, ಎಷ್ಟೋ ಸಲ ಹೆಸರು ಬರೆದುಕೊಳ್ಳಲಿಲ್ಲ. ಮೊಮ್ಮಗಳು ಫೋನಿನಲ್ಲಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಆಕಿ ಮುಖ ನೋಡ್ರಿ. ಆಕಿಗಿ ಅಲ್ಲಿ ನಿಂದ್ರಲಿಕ್ಕ ಮನಸ್ಸಿಲ್ಲ” ಎಂದಳು.

ಗಂಡಸರ ವೇಷವನ್ನೂ ಅವರು ಬಿಡಲಿಲ್ಲ. 1498ರಲ್ಲಿ ಪೋರ್ಚುಗಲ್ಲಿನ ವಾಸ್ಕೊ ಡ ಗಾಮ ಹಡಗಿನಲ್ಲಿ ಕಲ್ಲಿಕೋಟೆಗೆ ಬಂದದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅವನು ಸಾಮೂದಿರಿ ರಾಜನ ಮುಂದೆ ನಿಂತ ದೃಶ್ಯವನ್ನು ಜೋಸೆ ವೆಲೋಸೊ ಸಾಲ್ಗಾಡೊ ಎಂಬ ಚಿತ್ರಕಾರ ದೊಡ್ಡ ಚಿತ್ರವಾಗಿ ಬರೆದ. ಯಾವಾಗ? 1898ರಲ್ಲಿ, ಸರಿಯಾಗಿ 400 ವರ್ಷಗಳ ಮೇಲೆ! ಕಣ್ಣಾರೆ ಕಂಡವರು ಯಾರೂ ಇಲ್ಲ. ಗಾಮನದೇ ದೊಡ್ಡಸ್ತಿಕೆ ಕಾಣುವಂತೆ ಬರೆದದ್ದು. 2014ರ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಕಲಾಮೇಳಕ್ಕಾಗಿ ಪುಷ್ಪಮಾಲಾ ಆ ಚಿತ್ರವನ್ನು ಹಾಗೆಯೇ ಮತ್ತೆ ಕಟ್ಟಿದರು. ಗೆಳೆಯ ಗೆಳತಿಯರು ಆಸ್ಥಾನದವರಾದರು. ಗಡ್ಡ ಹಚ್ಚಿಕೊಂಡು ವಾಸ್ಕೊ ಡ ಗಾಮ ಆದವರು ಪುಷ್ಪಮಾಲಾ. ಅದನ್ನು ನೋಡಿದ ಮೇಲೆ ಪಾಠಪುಸ್ತಕದ ಚಿತ್ರವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ‘ಇದು ನಡೆದದ್ದೋ, ನಡೆದಿರಬೇಕೆಂದು ಯಾರೋ ಬಯಸಿದ್ದೋ?’ ಎಂದು ಕೇಳಬೇಕೆನಿಸುತ್ತದೆ.

ಹೀಗೆ ವೇಷ ಹಾಕಿ ತನ್ನದೇ ಫೋಟೋ ಮಾಡುವವರು ಬೇರೆ ದೇಶಗಳಲ್ಲೂ ಇದ್ದಾರೆ. ಅಮೆರಿಕದ ಸಿಂಡಿ ಶರ್ಮನ್ 1977ರಿಂದ 80ರವರೆಗೆ ಎಂದೂ ತಯಾರಾಗದ ಸಿನಿಮಾಗಳ ದೃಶ್ಯಗಳಂತೆ ತನ್ನದೇ ಫೋಟೋಗಳನ್ನು ಮಾಡಿ ಹೆಸರಾದರು. ಪುಷ್ಪಮಾಲಾ ಅವರ ವಿಶೇಷ ಬೇರೆ. ಅವರು ಹೊಗುವ ಚಿತ್ರಗಳು ನಮ್ಮ ಮನೆಯವು, ನಮ್ಮ ಬಜಾರಿನವು.

ಅವರು ಸಿನಿಮಾ ಕೂಡ ಮಾಡಿದ್ದಾರೆ. ಮೂರು ತಾಸಿನ ಸಿನಿಮಾ ಅಲ್ಲ, ಚಿಕ್ಕ ಚಿಕ್ಕವು. 2004ರ ‘ರಾಷ್ಟ್ರೀಯ ಖೀರ್ ಮತ್ತು ದೇಸೀಯ ಸಲಾಡ್’ ಕೇವಲ 11 ನಿಮಿಷದ್ದು. ಹಳೆಯ ಕಾಲದ ಒಂದು ಕುಟುಂಬದ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟ ಅಡುಗೆ ವಿಧಾನ, ಟಿಪ್ಪಣಿಗಳಿಂದ ಕಟ್ಟಿದ್ದು. ಅಜ್ಜಿಯರೇ, ನಿಮ್ಮ ಮನೆಯ ಹಳೆಯ ನೋಟ್‌ಬುಕ್ಕಿನಲ್ಲೂ ಒಂದು ಪುಟದಲ್ಲಿ ಹೋಳಿಗೆಯ ಹೂರಣ, ಮರುಪುಟದಲ್ಲಿ ಹಾಲಿನ ಲೆಕ್ಕ, ಅದರ ಕೆಳಗೆ ಮಗನ ಕಾಗುಣಿತ ಇರುತ್ತದಲ್ಲ? ಅದರಲ್ಲೇ ಒಂದು ಕಾಲದ ಕಥೆ ಇದೆ ಎಂದು ಅವರು ಕಂಡರು. 2006ರ ‘ಪ್ಯಾರಿಸ್ ಆಟಮ್’ ಅವರು ಪ್ಯಾರಿಸ್ಸಿನಲ್ಲಿದ್ದಾಗ ಮಾಡಿದ್ದು. ಹಳೆಯ ಮನೆ, ಹಳೆಯ ಕಾಲದ ಒಬ್ಬ ಹೆಣ್ಣಿನ ನೆರಳು, ಸ್ವಲ್ಪ ದೆವ್ವದ ಕಥೆ! ಅದನ್ನು ಹೆಚ್ಚಾಗಿ ನಿಂತ ಫೋಟೋಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದರು.

ಕಲೆ ಎಂದರೆ ಗೋಡೆಗೆ ತೂಗುಹಾಕುವ ವಸ್ತುವೇ ಆಗಬೇಕಿಲ್ಲ, ಜನರ ಮುಂದೆ ಮಾಡುವ ಒಂದು ಕೆಲಸವೂ ಕಲೆಯಾಗಬಹುದು. ಅದನ್ನು ಪರ್ಫಾರ್ಮೆನ್ಸ್ ಆರ್ಟ್ ಎನ್ನುತ್ತಾರೆ. ಇದಕ್ಕೆ ಅವರದೇ ಒಂದು ಉದಾಹರಣೆ. ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಮರುವರ್ಷ ಪುಷ್ಪಮಾಲಾ ಜನರೆದುರು ಒಲೆ ಹಚ್ಚಿ ‘ಗೌರಿ ಲಂಕೇಶರ ಅರ್ಜೆಂಟ್ ಸಾರು’ ಮಾಡಿದರು. ಗೌರಿಯವರಿಂದ ಕಲಿತ, ಅವಸರದಲ್ಲಿ ಮಾಡುವ ಸಾರು. ನಮ್ಮಲ್ಲೂ ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುತ್ತೇವಲ್ಲ? ಅವರ ಕೈಯ ಅಡುಗೆಯ ರುಚಿ ನೆನಪಾದಾಗಲೇ ಅವರಿಲ್ಲ ಎಂಬುದು ಗಂಟಲಿಗೆ ಬರುತ್ತದೆ. ಇದು ಮಕ್ಕಳಿಗೂ ಅರ್ಥವಾಗುವ ಮಾತು.

ಇಷ್ಟೆಲ್ಲ ಮಾಡಿದ ಅವರು ತಮ್ಮ ಕಲ್ಪನೆಯ ಸಂಸ್ಥೆಗೆ ಇಟ್ಟ ಹೆಸರು ಕೇಳಿದರೆ ನೀವು ನಗುತ್ತೀರಿ: ‘ಸೋಂಬೇರಿಕಟ್ಟೆ’! ನಮ್ಮ ಕಡೆ ಮೈಗಳ್ಳ ಎನ್ನುವವನನ್ನು ಬೆಂಗಳೂರು ಕಡೆ ಸೋಂಬೇರಿ ಎನ್ನುತ್ತಾರೆ. ಊರ ಮರದ ಕೆಳಗಿನ ಕಟ್ಟೆ, ಕೆಲಸವಿಲ್ಲದವರು ಕೂತು ಹರಟುವ ಜಾಗ. ಕಚೇರಿ ಇಲ್ಲ, ಬೋರ್ಡು ಇಲ್ಲ, ಒಮ್ಮೆ ಅದು ಚರ್ಚೆಯ ವೇದಿಕೆ, ಒಮ್ಮೆ ಸಿನಿಮಾ ಕಂಪನಿ. 2019ರ ಚೆನ್ನೈ ಫೋಟೋ ಬಿಯೆನಾಲೆಯ ಕಲಾ ನಿರ್ದೇಶಕಿಯಾಗಿದ್ದವರು, ತಮ್ಮದನ್ನು ಮಾತ್ರ ಮೈಗಳ್ಳರ ಕಟ್ಟೆ ಎಂದು ಕರೆದುಕೊಂಡರು. ಕಟ್ಟೆಯ ಮೇಲೆ ಕೂತೇ ಈ ಕಥೆ ಹೇಳುತ್ತಿದ್ದ ನನಗೆ ಇದು ಬಹಳ ಹಿಡಿಸಿತು.

ಕಥೆ ಮುಗಿಯಿತು ಎಂದುಕೊಂಡೆ. ಮೊಮ್ಮಗಳಿಗೆ ಅದು ಶುರುವಾಗಿತ್ತು.

ಮರುದಿನ ಬೆಳಿಗ್ಗೆ ಆಯಿಯ ಇಳಕಲ್ ಸೀರೆ ಉಟ್ಟು ಬಂದು ನಿಂತಳು. “ಮುತ್ಯಾ, ನಾನೂ ಫೋಟೋದೊಳಗ ಹೋಗ್ತೀನಿ.” ಹಳೆಯ ಚಾದರದ ಮೇಲೆ ಸುಣ್ಣದ ಬಳಪದಲ್ಲಿ ಕಂಬ, ಕೆರೆ, ಹಂಸ ಬರೆದುಕೊಟ್ಟೆ. ಹಂಸ ಸ್ವಲ್ಪ ಬಾತುಕೋಳಿಯಂತಾಯಿತು, ಇರಲಿ. ಸ್ಟೂಲು ಬಂತು, ದೇವರ ಮುಂದಿನ ಪ್ಲಾಸ್ಟಿಕ್ ಹೂವು ಬಂತು, ನನ್ನ ಕೈಗಡಿಯಾರ ಬಂತು. ಪುಸ್ತಕಕ್ಕೆ ಅವಳ ಗಣಿತದ ಪುಸ್ತಕ. ನಾನು ಫೋನು ಹಿಡಿದು ಆಜ್ಞೆ ಮಾಡಿದೆ: “ತಲಿ ತಗ್ಗಿಸು. ನಾಚಿಗೋ.”

ಏಕೆಂದರೆ ಆ ಫೋಟೋದಲ್ಲಿ ಎಲ್ಲರಿಗೂ ಹಿಡಿಸಿದ್ದು ಅದೇ. “ಹುಡುಗಿ ಎಷ್ಟು ಸಂಭಾವಿತ, ಮುಖ ಎತ್ತಿ ನೋಡಿಲ್ಲ” ಎಂದು ನಮ್ಮವ್ವ ಓಣಿಯವರಿಗೆಲ್ಲ ತೋರಿಸಿದ್ದಳು. ನನಗೂ ಆ ನಾಚಿಕೆ ಮತ್ತು ಆ ಪುಸ್ತಕ ಎರಡೂ ಸೇರಿ ಮನಸ್ಸಿಗೆ ಬಂದಿದ್ದವು.

ಮೂರು ಸಲ ತೆಗೆದೆ. ಮೂರು ಸಲವೂ ಮೊಮ್ಮಗಳು ಹಳೆಯ ಫೋಟೋ ಪಕ್ಕಕ್ಕಿಟ್ಟು ಹೋಲಿಸಿ “ಹಂಗ ಬರವಲ್ದು” ಎಂದಳು. ಕೊನೆಗೆ ನನ್ನ ಮೇಜಿನ ಮೇಲಿದ್ದ ಭೂತಗನ್ನಡಿ ತಂದು ಹಳೆಯ ಫೋಟೋದ ಮೇಲೆ ಹಿಡಿದಳು.

“ಮುತ್ಯಾ, ನಾಚಿಕೊಂಡ್ರ ಕಣ್ಣು ನೆಲ ನೋಡ್ತಾವ. ನಾ ಈಗ ಮಾಡಿ ನೋಡೀನಲ್ಲ. ಆಯಿ ಕಣ್ಣು ನೆಲದ ಮ್ಯಾಲ ಇಲ್ಲ, ಹಾಳಿ ಮ್ಯಾಲ ಅವ. ಇಲ್ಲಿ ನೋಡ್ರಿ, ಹೆಬ್ಬಟ್ಟು. ಹಾಳಿ ತಿರುವಲಿಕ್ಕ ಎತ್ತ್ಯಾಳ.”

ನಾನೂ ಗಾಜಿನಲ್ಲಿ ನೋಡಿದೆ. ಹೌದು. ಹೆಬ್ಬೆರಳು ಪುಟದ ಮೂಲೆಯನ್ನು ಎತ್ತಿ ಹಿಡಿದಿತ್ತು. ಐವತ್ತು ವರ್ಷ ಕಂಡ ಫೋಟೋ. ಮಕ್ಕಳ ಚಿತ್ರಗಳಲ್ಲಿ ಬೆರಳು ಸರಿಯಿಲ್ಲ, ಕಣ್ಣು ಸರಿಯಿಲ್ಲ ಎಂದು ತಿದ್ದಿದ ಮಾಸ್ತರ ನಾನು. ಇದನ್ನು ಕಂಡಿರಲಿಲ್ಲ.

ಇಬ್ಬರೂ ಅಡುಗೆಮನೆಗೆ ಹೋದೆವು. ಆಯಿ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗಳೇ ಕೇಳಿದಳು: “ಆಯಿ, ನೀ ಆ ಪುಸ್ತಕ ಓದಲಿಕತ್ತಿದ್ದೇನು?”

ಕೈ ನಿಂತಿತು. ಸ್ವಲ್ಪ ಹೊತ್ತು ಹಂಚಿನ ಕಡೆಗೇ ನೋಡಿದಳು.

“ಅಕ್ಷರ ಇಂಗ್ಲಿಷ್ ಇದ್ದವು, ತಿಳೀಲಿಲ್ಲ. ಅಂಕಿ ಬರ್ತಿದ್ದವು. ಅಂಕಿ ಓದಲಿಕತ್ತಿದ್ದೆ. ಹೊರಗ ಗಾಡಿ ಕೂಗ್ತು. ನಾ ಅಲ್ಲೀತನಕ ರೈಲು ನೋಡಿದ್ದಿಲ್ಲ. ಈ ಗಾಡಿ ಎಷ್ಟಕ್ಕ ಬರ್ತದ, ಎಷ್ಟಕ್ಕ ಹೋಗ್ತದ ಅಂತ ಹುಡುಕಲಿಕತ್ತಿದ್ದೆ. ಗಂಟಿ ಯಾವುದು, ನಿಮಿಷ ಯಾವುದು ಅಂತ ಆಗಲೇ ಗೊತ್ತಾಗಿತ್ತು. ಇನ್ನೊಂದು ಹಾಳಿ ತಿರುವಬೇಕಂದೆ, ಫೋಟೋದವ ‘ಅಲುಗಾಡಬ್ಯಾಡ’ ಅಂದ. ಆಮ್ಯಾಲ ಪುಸ್ತಕ ತಗೊಂಡುಬಿಟ್ಟ.”

ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ ಮೇಲೆ ಅವಳ ಕೈಗೆ ಬಂದ ಮೊದಲ ಪುಸ್ತಕ ಅದಂತೆ.

“ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?” ಎಂದೆ.

“ನೀವು ಕೇಳಲಿಲ್ಲ. ನಗತಿದ್ರಿ.”

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಮೊಮ್ಮಗಳೇ ತಿರುವಿ ಹಾಕಿದಳು.

ಈಗ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಆ ಫೋಟೋದಲ್ಲಿ ಪರದೆ ಸುಳ್ಳು, ಗಡಿಯಾರ ಸುಳ್ಳು, ಓದಿದ ಹುಡುಗಿ ಎಂದು ತೋರಿಸಿದ್ದೂ ಸುಳ್ಳು. ಆ ಸುಳ್ಳನ್ನು ಕಟ್ಟಿದ್ದು ನನ್ನ ಕಣ್ಣಿಗಾಗಿ, ನಮ್ಮ ಮನೆಯವರು ಕೇಳಿದ್ದಕ್ಕಾಗಿ. ಆದ್ದರಿಂದ ಅದರಲ್ಲಿ ನನ್ನ ಪಾಲೂ ಇದೆ. ಆದರೆ ಇಷ್ಟೆಲ್ಲ ಸುಳ್ಳಿನ ನಡುವೆ ಓದುವ ಕಣ್ಣು ಮಾತ್ರ ನಿಜವಾಗಿತ್ತು. ಹೊರಗೆ ನಿಂತು ನೋಡಿದ ನಮಗೆಲ್ಲ ಅದು ನಾಚಿಕೆಯಾಗಿ ಕಂಡಿತು. ಒಳಗೆ ಹೋಗಿ ಕೂತ ಹನ್ನೊಂದು ವರ್ಷದ ಹುಡುಗಿಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಪುಷ್ಪಮಾಲಾ ಅವರು ಪಟಗಳ ಒಳಗೆ ಹೋಗಿ ನಿಲ್ಲುವುದು ಏಕೆಂದು ಕೇಳಿದರೆ ನಾನು ಇನ್ನು ಮೇಲೆ ಇದನ್ನೇ ಹೇಳುತ್ತೇನೆ.

ಮಕ್ಕಳೇ, ನಿಮಗೊಂದು ಕೆಲಸ. ಮನೆಯಲ್ಲಿ ಒಂದು ಹಳೆಯ ಫೋಟೋ ಹುಡುಕಿ. ಅಜ್ಜನದೋ, ಅಜ್ಜಿಯದೋ, ಯಾರದಾದರೂ ಸರಿ. ಅದರಲ್ಲಿ ಅವರು ಹೇಗೆ ಕೂತಿದ್ದಾರೋ ಹಾಗೇ ಕೂತು ನೋಡಿ. ಕೈ ಎಲ್ಲಿದೆ? ಕಣ್ಣು ಎಲ್ಲಿದೆ? ಯಾರು ಕೂತಿದ್ದಾರೆ, ಯಾರನ್ನು ನಿಲ್ಲಿಸಿದ್ದಾರೆ? ಗೊತ್ತಾಗದ್ದನ್ನು ಕೇಳಿ. ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸ. ಮಕ್ಕಳು ಕೇಳಿದಾಗ ನಕ್ಕು ಮುಗಿಸಬೇಡಿ, ನಡೆದದ್ದನ್ನು ಹೇಳಿ.

ಈ ಅಂಕಣವನ್ನು ಪ್ರತಿ ವಾರ ಮೊದಲು ಓದುವವಳು ನನ್ನ ಹೆಂಡತಿಯೇ. ಮದುವೆಯಾದ ಮೇಲೆ ನನ್ನ ಶಾಲೆಯ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಓದಿ ಮುಗಿಸಿದವಳು ಅವಳು. ಇದನ್ನೂ ಓದಿದಳು. ‘ಈ ವಿಷಯ ನಮ್ಮ ಮನೆಯಲ್ಲಿ ಒಂದು ತಮಾಷೆಯಾಗಿತ್ತು’ ಎಂದು ನಾನು ಬರೆದಿದ್ದೆ. ಕನ್ನಡಕ ಏರಿಸಿಕೊಂಡು ಪೆನ್ನು ಕೇಳಿದಳು. ಆ ಸಾಲು ಹೊಡೆದುಹಾಕಿ, “ಎಷ್ಟು ಮದುವ್ಯಾಗ, ಎಷ್ಟು ಸೀಮಂತದಾಗ ಹೇಳೀರಿ ಅದನ್ನ ಬರೀರಿ” ಎಂದಳು. ಬರೆದಿದ್ದೇನೆ. ಮೇಲೆ ನೀವು ಓದಿದ್ದು ಅವಳು ತಿದ್ದಿದ ಸಾಲು.